ಗುರು, ಲಘು ಮತ್ತು ಒಂದು ಬೆರಳು

ಆ ಊರಿನಲ್ಲಿ ಅರವತ್ತು ದಾಟಿದವರ ಪೈಕಿ ಅರ್ಧದಷ್ಟು ಮಂದಿ ನಗುತ್ತಿದ್ದದ್ದು ಲಘುವಿನ ಹಲ್ಲಿನಿಂದ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಮೇಣ ಕಾಯಿಸಿ, ಪ್ಲಾಸ್ಟರಿನ ಅಚ್ಚಿಗೆ ಒತ್ತಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಕಟ್ಟುವುದು ಅವನ ಮೂವತ್ತೈದು ವರ್ಷದ ಕಸುಬು. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಕೀಳುತ್ತಿದ್ದರು, ಹಿಂದಿನ ಕೋಣೆಯಲ್ಲಿ ಇವನು ಕಟ್ಟುತ್ತಿದ್ದ. ಗೋಡೆಯ ಹಲಗೆಯ ಮೇಲೆ ಸದಾ ಹತ್ತು ಹದಿನೈದು ಸೆಟ್ಟುಗಳು ಸಾಲಾಗಿ ಕೂತು ಅವನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು. ಏನು ಹೇಳಿದರೂ ನಗುವ ಸಭೆ. ಬೆಳಗಿನಿಂದ ಸಂಜೆಯವರೆಗೆ ಅಂಥ ಸಭೆಯೆದುರು ಕೂತ ಮನುಷ್ಯನ ನಾಲಿಗೆ ಹತೋಟಿಯಲ್ಲಿ ಉಳಿಯುವುದು ಕಷ್ಟ. ಲಘುವಿನದಂತೂ ಉಳಿದಿರಲಿಲ್ಲ. ಮದುವೆಯ ಮಾತನ್ನೂ ಅವನು ತಮಾಷೆಯಲ್ಲೇ ತೇಲಿಸುತ್ತ ಬಂದು, ಕೊನೆಗೆ ಐವತ್ತೆಂಟನೇ ವಯಸ್ಸಿನಲ್ಲಿ ಒಂದು ಕೋಣೆ, ಒಂದು ಸ್ಟವ್ವು, ಅಟ್ಟದ ಮೇಲೊಂದು ತಂತಿ ಹರಿದ ಗಿಟಾರು, ಇಷ್ಟಕ್ಕೆ ಯಜಮಾನನಾಗಿದ್ದ.

ಲಘು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಣ್ಣ ಇಟ್ಟದ್ದು. ಅಣ್ಣ ಹೈಸ್ಕೂಲಿನಲ್ಲಿ ಛಂದಸ್ಸು ಕಲಿಯುವ ಕಾಲಕ್ಕೆ ಇವನಿಗೆ ಆರೇಳು ವರ್ಷ. ಪದ್ಯದ ಸಾಲಿನ ನೆತ್ತಿಯ ಮೇಲೆ ಅಡ್ಡಗೆರೆ, ಬಟ್ಟಲು, ಅಡ್ಡಗೆರೆ, ಬಟ್ಟಲು ಎಂದು ಗುರುತು ಹಾಕುತ್ತಿದ್ದ ಅಣ್ಣನ ಮೊಣಕೈಗೆ ತಾಗಿ ಕೂತು, "ಇದೇನೋ?" ಎಂದು ಕೇಳಿದ.

"ಗೆರೆ ಇದ್ರೆ ಗುರು. ಅದಕ್ಕೆ ಎರಡು ಮಾತ್ರೆ. ಬಟ್ಟಲಿದ್ರೆ ಲಘು. ಅದಕ್ಕೆ ಒಂದೇ ಮಾತ್ರೆ."

"ನಂಗೂ ಎರಡು ಮಾತ್ರೆ ಕೊಡು."

"ನಿಂಗ್ಯಾಕೋ ಎರಡು? ದೊಡ್ಡೋನು ನಾನು, ಗುರು. ನೀನು ಲಘು. ಒಂದು ಮಾತ್ರೆ ತಗೊಂಡು ಸುಮ್ನೆ ಕೂತ್ಕೋ."

ಒಳಗಿನಿಂದ ಅಮ್ಮ, "ಯಾವ ಮಾತ್ರೆನೋ? ಯಾರೋ ನುಂಗಿದ್ದು? ಬಾಯಿ ತೆಗಿ!" ಎಂದು ಒದ್ದೆ ಕೈಯಲ್ಲೇ ಓಡಿ ಬಂದಳು. ಇಬ್ಬರ ಬಾಯೊಳಗೂ ಬೆರಳು ಹಾಕಿ ತಡಕಿದಳು. ಅಂದಿನಿಂದ ಮನೆಯಲ್ಲಿ ಒಬ್ಬ ಗುರು, ಒಬ್ಬ ಲಘು.

ದೊಡ್ಡವನಾದ ಮೇಲೆ ಗುರುವಿಗೆ ನೀರಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಸಿಕ್ಕಿತು. ಮನೆಮನೆಯ ಮುಂದೆ ಬಗ್ಗುವುದು, ಕಬ್ಬಿಣದ ಮುಚ್ಚಳ ಎತ್ತುವುದು, ಗುಂಡಿಯೊಳಗಿನ ಅಂಕಿ ನೋಡಿ ಬರೆದುಕೊಂಡು ಮುಂದಿನ ಮನೆಗೆ ನಡೆಯುವುದು. ಒಂದು ದಿನ ಪೇಟೆಬೀದಿಯ ರೆಕಾರ್ಡ್ ಅಂಗಡಿಯ ಮುಂದೆ ಬಗ್ಗಿದವನು ಬಹಳ ಹೊತ್ತು ಏಳಲೇ ಇಲ್ಲ. ಒಳಗೆ ಯಾವುದೋ ದೂರದೇಶದ ಬ್ಲೂಸ್-ರಾಕ್ ಹಾಡಿನ ತಟ್ಟೆ ತಿರುಗುತ್ತಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡವನೇ ಮನೆಗೆ ಬಂದು, "ಲೋ ಲಘು, ಅಲ್ಲಿ ನಮ್ಮಿಬ್ಬರದೇ ಹಾಡು ಹಾಕಿದ್ದಾರೆ ಕಣೋ! ಗುರು-ಲಘು, ಗುರು-ಲಘು, ಗುರು-ಲಘು..." ಎಂದು ಮೇಜು ಬಡಿದು ತೋರಿಸಿದ. ಎರಡು ಮಾತ್ರೆ ಉದ್ದ, ಒಂದು ಮಾತ್ರೆ ಗಿಡ್ಡ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದಕ್ಕೆ ಮೆಟ್ಟದೆ, ಅದರ ಪರಿವೆಯೇ ಇಲ್ಲದೆ ಖುಷಿಯಾಗಿ ನಡೆದ ಹಾಗೆ. ಆ ನಡಿಗೆಗೆ ಬೂಗಿ ಅನ್ನುತ್ತಾರೆಂದು ಅಂಗಡಿಯವರು ಹೇಳಿದರು. ಅಣ್ಣತಮ್ಮಂದಿರು ಕೊನೆಯವರೆಗೂ ಗುರು-ಲಘು ಎಂದೇ ಅಂದರು.

ಎರಡು ಗಿಟಾರು ಬಂದವು. ಜೊತೆಗೆ ಇನ್ನಿಬ್ಬರು ಸೇರಿ ನಾಲ್ಕು ಜನರ ತಂಡವಾಯಿತು. ಪ್ರತಿ ಶನಿವಾರ ಸಂಜೆ ಒಂದು ಕ್ಲಬ್ಬಿನಲ್ಲಿ ಬಾರಿಸುತ್ತಿದ್ದರು. ಲಘು ಮುಂದೆ ನಿಂತು ಕೂದಲು ಹಾರಿಸಿಕೊಂಡು ತೆಳು ತಂತಿಗಳ ಮೇಲೆ ಓಡಾಡುವವನು. ಗುರು ಹಿಂದೆ ಸ್ಟೂಲಿನ ಮೇಲೆ ಕೂತು ಬೂಗಿ ಹಿಡಿಯುವವನು. ಬೂಗಿ ಹಿಡಿದ ಕೈ ನೋಡಲು ಏನೇನೂ ಚೆಂದವಿಲ್ಲ. ಎಡಗೈಯ ತೋರುಬೆರಳು ದಪ್ಪ ತಂತಿಯ ಮೇಲೆ ಬೇರು ಬಿಟ್ಟು ಕೂರುತ್ತದೆ. ಉಂಗುರದ ಬೆರಳು ಎರಡು ಬಡಿತ ಕೂರುತ್ತದೆ, ಎರಡು ಬಡಿತ ಏಳುತ್ತದೆ. ಕೂರು, ಏಳು, ಕೂರು, ಏಳು. ನಾಲ್ಕು ಸುತ್ತಾದ ಮೇಲೆ ಕೈ ಪಕ್ಕದ ತಂತಿಗೆ ಜರುಗಿ ಎರಡು ಸುತ್ತು, ಮತ್ತೆ ವಾಪಸ್ಸು, ಹೀಗೆ ಹನ್ನೆರಡು ಸುತ್ತಿಗೆ ಒಂದು ಪಾಳಿ. ಮೊದಲ ಪಾಳಿಯನ್ನು ಗುರು ಒಬ್ಬನೇ ಬಾರಿಸಿ, ಕೊನೆಯಲ್ಲಿ ಅರೆಗಳಿಗೆ ಕೈ ತಡೆದು ತಮ್ಮನ ಕಡೆ ನೋಡುತ್ತಿದ್ದ. ಲಘು ನುಗ್ಗುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಲಘುವಿಗೆ.

ಒಂದು ಶನಿವಾರ ಲಘು ಮೈಕು ಹಿಡಿದು ತಂಡದ ಪರಿಚಯ ಮಾಡಿದ. ಅಣ್ಣನ ಸರದಿ ಬಂದಾಗ ಹೇಳಿದ: "ಹಿಂದೆ ಕೂತಿರೋರು ನಮ್ಮಣ್ಣ. ಎಲ್ಲರ ಹಾಗೆ ಇವರಿಗೂ ಐದು ಬೆರಳಿದೆ, ಆದ್ರೆ ಕೆಲ್ಸ ಮಾಡೋದು ಒಂದೇ. ಉಳಿದ ನಾಲ್ಕೂ ರಜಾದ ಮೇಲಿವೆ. ಸರ್ಕಾರಿ ನೌಕರರು ನೋಡಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಣ್ಣನೂ ನಕ್ಕ.

ಮುಂದಿನ ಶನಿವಾರ ಅಣ್ಣ ಬರಲಿಲ್ಲ. ಡ್ಯೂಟಿ ಇದೆ ಎಂದು ಹೇಳಿ ಕಳಿಸಿದ. ಅದರ ಮುಂದಿನ ಶನಿವಾರವೂ ಡ್ಯೂಟಿ. ನೀರಿನ ಮೀಟರನ್ನು ಶನಿವಾರ ಸಂಜೆ ಯಾರು ಓದುತ್ತಾರೆ? ಲಘುವಿಗೆ ಎಲ್ಲ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡ. ಹೋಗಿ ಕೇಳಬಹುದಿತ್ತು. ಆದರೆ ಕೇಳಿದರೆ ತಪ್ಪಾಯ್ತು ಅನ್ನಬೇಕಾಗುತ್ತಿತ್ತು. ತಮಾಷೆ ಮಾಡುವವರ ಬಾಯಿಗೆ ಎಲ್ಲ ಮಾತೂ ಬರುತ್ತದೆ, ಅದೊಂದು ಬರುವುದಿಲ್ಲ. ಹಿಂದಿನಿಂದ ಹಿಡಿಯುವವರಿಲ್ಲದೆ ಅವನ ಓಡಾಟ ಗೋಡೆಯೇ ಇಲ್ಲದ ಕಡೆ ಪಟ ತೂಗುಹಾಕಿದ ಹಾಗೆ ಕೇಳತೊಡಗಿತು. ಎರಡು ತಿಂಗಳಿಗೆ ತಂಡ ಮುಚ್ಚಿತು. ಗಿಟಾರು ಅಟ್ಟ ಹತ್ತಿತು.

ಆಮೇಲಿನ ಇಪ್ಪತ್ತಾರು ವರ್ಷ ಅಣ್ಣತಮ್ಮಂದಿರು ಚೆನ್ನಾಗಿಯೇ ಇದ್ದರು. ಊಟಕ್ಕೆ ಕರೆದರು, ಹೋದರು, ಜ್ವರ ಬಂದರೆ ವಿಚಾರಿಸಿದರು. ಅತ್ತಿಗೆಯ ತವರಿನವರೆಲ್ಲರ ಬಾಯಲ್ಲೂ ಲಘುವಿನ ಸೆಟ್ಟುಗಳೇ ಕೂತವು. ನೆಲದ ಮೇಲೆ ಒದ್ದೆಯಿರುವ ಜಾಗವನ್ನು ಸುತ್ತಿಕೊಂಡು ನಡೆಯುವ ಹಾಗೆ ಇಬ್ಬರೂ ಗಿಟಾರಿನ ಮಾತನ್ನು ಮಾತ್ರ ಸುತ್ತಿಕೊಂಡು ನಡೆದರು.

ಗುರು ನಿವೃತ್ತನಾದ ಐದನೇ ವರ್ಷ, ಒಂದು ಬೆಳಿಗ್ಗೆ, ಬಚ್ಚಲಲ್ಲಿ ಹಲ್ಲುಜ್ಜುತ್ತ ನಿಂತವನು ಹಾಗೇ ಕುಸಿದ. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಇನ್ನೊಂದು ಸಲ ಹೊಡೆದರೆ ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿ ಮನೆಗೆ ಕಳಿಸಿದರು. ಕಿಟಕಿಯ ಪಕ್ಕದ ಮರದ ಮಂಚ ಅವನ ಪ್ರಪಂಚವಾಯಿತು. ಲಘು ದಿನಾ ಐದು ಗಂಟೆಗೆ ಕೆಲಸ ಮುಗಿಸಿ, ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಇರುವಂತೆಯೇ ಬಂದು ಮಂಚದ ಪಕ್ಕ ಕೂರುತ್ತಿದ್ದ.

"ಬೆಳಿಗ್ಗೆ ಎರಡು ಮಾತ್ರೆ, ಸಂಜೆ ಒಂದು ಮಾತ್ರೆ ಕಣಪ್ಪ," ಎಂದು ಅತ್ತಿಗೆ ಚೀಟಿ ತೋರಿಸಿದರು.

"ಹಾಗಾದ್ರೆ ಬೆಳಿಗ್ಗೆ ಗುರು, ಸಂಜೆ ಲಘು ಅನ್ನಿ," ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಣ್ಣನ ಬಾಯಿಯ ಎಡತುದಿ ಮೇಲಕ್ಕೆದ್ದಿತು. ಸ್ವಲ್ಪ ಹೊತ್ತಿಗೆ ಮಂಚದ ಅಂಚಿನಿಂದ ಸದ್ದು ಕೇಳಿಸಿತು. ಎಡಗೈಯ ಮಣಿಕಟ್ಟು ಮರದ ಪಟ್ಟಿಗೆ ಬಡಿಯುತ್ತಿತ್ತು. ಟೂಕ್-ಕ, ಟೂಕ್-ಕ, ಟೂಕ್-ಕ. ಎರಡು ಮಾತ್ರೆ, ಒಂದು ಮಾತ್ರೆ. ಒಂದು ನಿಮಿಷದಷ್ಟು ಬಡಿದು ಕೈ ನಿಂತಿತು. ಅಣ್ಣ ತಮ್ಮನ ಮುಖ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಕಣ್ಣು ಮುಚ್ಚಿದ.

"ಏನೋ ಕೇಳ್ತಿದ್ದಾರೆ ನಿನ್ನ," ಎಂದರು ಅತ್ತಿಗೆ.

"ಹಾಡು ಕೇಳ್ತಿದ್ದಾನೆ ಅತ್ತಿಗೆ. ನಾವು ಬಾರಿಸ್ತಿದ್ವಲ್ಲ, ಅದ್ರಲ್ಲಿ ಯಾವುದೋ ಒಂದು."

ಯಾವುದೆಂದು ಹುಡುಕಿ ತಂದು ಕೇಳಿಸಿಬಿಟ್ಟರೆ ಸಾಕು, ಇಪ್ಪತ್ತಾರು ವರ್ಷದಿಂದ ಗಂಟಲಲ್ಲಿ ಕೂತಿರುವ ಒಂದು ಮಾತನ್ನು ಆಡದೆಯೇ ಆಡಿದ ಹಾಗಾಗುತ್ತದೆ. ಅಣ್ಣ ಇರುವಾಗಲೇ ಆಗಬೇಕು. ಲಘುವಿಗೆ ಇನ್ನು ಬೇರೆ ಚಿಂತೆಯೇ ಉಳಿಯಲಿಲ್ಲ.

ಪೇಟೆಬೀದಿಯ ರೆಕಾರ್ಡ್ ಅಂಗಡಿ ಈಗ ಮೊಬೈಲ್ ಕವರಿನ ಅಂಗಡಿ. ಯಜಮಾನರು ಮಾತ್ರ ಅವರೇ, ಬಾಯಲ್ಲಿ ಲಘುವಿನ ಸೆಟ್ಟು. ಹಿಂದಿನ ಕೋಣೆಯಲ್ಲಿ ಹಳೆಯ ತಟ್ಟೆಗಳನ್ನೂ ಅವುಗಳಿಂದ ಇಳಿಸಿಕೊಂಡ ಹಾಡುಗಳನ್ನೂ ಬಚ್ಚಿಟ್ಟುಕೊಂಡಿದ್ದರು. ಲಘು ಗಾಜಿನ ಪೆಟ್ಟಿಗೆಯ ಮೇಲೆ ಬಡಿದು ತೋರಿಸಿದ.

"ಈ ಬಡಿತದ ಹಾಡು ಬೇಕು, ಯಜಮಾನ್ರೇ."

"ಗಾಜು ಒಡೀಬೇಡಿ. ಇದು ಬೂಗಿ. ಯಾವ ಹಾಡು?"

"ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

"ಒಳ್ಳೇ ಕಥೆ! ಮೂಗಿದೆ, ಅದರ ಯಜಮಾನನ್ನ ಹುಡುಕಿಕೊಡಿ ಅಂದ ಹಾಗಾಯ್ತು. ಬೂಗಿ ಅಂದ್ರೆ ಒಂದು ಹಾಡಲ್ಲ ಸ್ವಾಮಿ, ಅದೊಂದು ಚಾಳಿ. ನೂರಾರು ಜನಕ್ಕೆ ಅಂಟಿದೆ. ನಿಮ್ಮ ಹಲ್ಲು ಹಾಕ್ಕೊಂಡು ನಿಮಗೇ ಬಯ್ಯಬಾರದು ಅಂತ ಸುಮ್ಮನಿದೀನಿ."

ಬಯ್ಯುತ್ತಲೇ ಹುಡುಕಿ ಕೊಟ್ಟರು. ಬೆರಳುಗಾತ್ರದ ಪೆನ್‌ಡ್ರೈವಿನಲ್ಲಿ ಮೊದಲು ಮೂವತ್ತು, ಆಮೇಲೆ ಇನ್ನೊಂದು ಮೂವತ್ತು. ಲಘು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಅವುಗಳ ಜಾತಕ ಬರೆದ: ಓಡುವವು, ಕಾಲೆಳೆಯುವವು, ಕೂತಲ್ಲೇ ತೊಡೆ ಕುಣಿಸುವವು. ಎಲ್ಲದರಲ್ಲೂ ಒಬ್ಬಳು ಬಿಟ್ಟು ಹೋಗಿರುತ್ತಿದ್ದಳು ಇಲ್ಲವೇ ಒಬ್ಬ ರೈಲು ಹತ್ತಿರುತ್ತಿದ್ದ. ಅವಳು ಹೋದದ್ದೂ ಬೂಗಿಯಲ್ಲಿ, ರೈಲು ಹೋದದ್ದೂ ಬೂಗಿಯಲ್ಲಿ. ಹತ್ತು ಕೇಳುವಷ್ಟರಲ್ಲಿ ಯಾರು ಯಾರನ್ನು ಬಿಟ್ಟರೆಂಬುದೇ ಮರೆತುಹೋಗುತ್ತಿತ್ತು. ಹಲ್ಲು ಜೋಡಿಸುವಾಗಲೂ ಕಿವಿಗೆ ಅದೇ. ಒಂದು ದಿನ ಕೋರೆಹಲ್ಲನ್ನು ಮುಂದೆ ಕೂರಿಸಿ ಡಾಕ್ಟರಮ್ಮನಿಂದ, "ಏನ್ರೀ ಇದು, ಮನುಷ್ಯರಿಗಾ ಹುಲಿಗಾ?" ಎಂದು ಕೇಳಿಸಿಕೊಂಡ.

ಸಂಜೆ ಮಂಚದ ಪಕ್ಕ ಪುಟ್ಟ ಸ್ಪೀಕರ್ ಇಟ್ಟು ಒಂದೊಂದೇ ಹಾಕುತ್ತಿದ್ದ. ಅಣ್ಣ ಕೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಬಡಿಯಲು ಶುರುಮಾಡುತ್ತಿತ್ತು, ಆದರೆ ಹಾಡಿನ ವೇಗವೇ ಒಂದು, ಅಣ್ಣನ ವೇಗವೇ ಒಂದು. ಒಂದು ನಿಮಿಷ ಬಡಿದು ಕೈ ನಿಲ್ಲಿಸಿ ತಮ್ಮನನ್ನು ನೋಡುತ್ತಿದ್ದ.

"ಇದಲ್ವಾ? ತಡಿ, ಮುಂದಿಂದು ಹಾಕ್ತೀನಿ," ಎಂದು ಲಘು ಗುಂಡಿ ಒತ್ತುತ್ತಿದ್ದ.

ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮತ್ತೆ ಬಡಿತ, ಮತ್ತೆ ನಿಲ್ಲುವುದು, ಮತ್ತೆ ನೋಟ. "ಇದೂ ಅಲ್ವಾ? ಬಾಳ ಕಷ್ಟದ ಗಿರಾಕಿ ಕಣೋ ನೀನು." ಹೀಗೆ ಮೂರು ವಾರ ಹೋದವು. ಬಡಿತ ದಿನದಿನಕ್ಕೆ ಮೆತ್ತಗಾಗುತ್ತಿದ್ದುದು ಲಘುವಿಗೂ ಗೊತ್ತಾಗುತ್ತಿತ್ತು. ಅಂಗಡಿಗೆ ಹೋಗುವ ಹೆಜ್ಜೆ ಬಿರುಸಾಯಿತು.

ನಾಲ್ಕನೇ ವಾರ ಒಂದು ಸಂಜೆ ಸ್ಪೀಕರಿನ ಬ್ಯಾಟರಿ ಸತ್ತಿತು. ಚಾರ್ಜಿಗೆ ಹಾಕೋಣವೆಂದರೆ ಕರೆಂಟಿರಲಿಲ್ಲ. ಕಿಟಕಿಯಿಂದ ಇಳಿಬಿಸಿಲು ಅಡ್ಡಲಾಗಿ ಬಂದು ಹೊದಿಕೆಯ ಮೇಲೆ ಬಿದ್ದಿತ್ತು. ಮಾಡಲು ಏನೂ ಇಲ್ಲದೆ ಲಘು ಸುಮ್ಮನೆ ಕೂತ. ಅಣ್ಣ ಬಡಿಯತೊಡಗಿದ. ಆ ಸದ್ದು ಈಗ ಪಕ್ಕದಲ್ಲಿ ಕೂತವನಿಗೂ ಕೇಳಿಸದಷ್ಟು ಸಣ್ಣದಾಗಿತ್ತು. ಕೇಳಿಸದ್ದರಿಂದ ಲಘು ಮೊದಲ ಸಲ ನೋಡಿದ.

ಬಡಿಯುತ್ತಿದ್ದದ್ದು ಮಣಿಕಟ್ಟು. ಆದರೆ ಅದರ ಮುಂದೆ, ಮೆತ್ತನೆಯ ಹೊದಿಕೆಯ ಮೇಲೆ, ಯಾವ ಸದ್ದೂ ಇಲ್ಲದೆ ಬೆರಳುಗಳು ಬೇರೆಯೇ ಕೆಲಸದಲ್ಲಿದ್ದವು. ತೋರುಬೆರಳು ಬೇರು ಬಿಟ್ಟು ಕೂತಿತ್ತು. ಉಂಗುರದ ಬೆರಳು ಎರಡು ಬಡಿತ ಕೂತಿತು, ಎರಡು ಬಡಿತ ಎದ್ದಿತು. ಕೂರು, ಏಳು. ನಾಲ್ಕು ಸುತ್ತಾಯಿತು. ಇಡೀ ಕೈ ಅರ್ಧ ಅಂಗುಲ ಪಕ್ಕಕ್ಕೆ ಜರುಗಿತು. ಎರಡು ಸುತ್ತು. ವಾಪಸ್ಸು ಬಂತು. ಇಲ್ಲದ ಬಲಗೈಯ ಕೆಲಸವನ್ನು ಮಣಿಕಟ್ಟಿಗೆ ಒಪ್ಪಿಸಿ ಅಣ್ಣ ಒಂದೇ ಕೈಯಲ್ಲಿ ಪೂರ್ತಿ ಗಿಟಾರ್ ಬಾರಿಸುತ್ತಿದ್ದ. ಹನ್ನೆರಡನೇ ಸುತ್ತು ಮುಗಿಯಿತು. ಕೈ ತಡೆಯಿತು. ಅಣ್ಣ ತಮ್ಮನ ಕಡೆ ನೋಡಿದ.

ಅಣ್ಣ ಯಾವ ಹಾಡನ್ನೂ ಬೇಕೆಂದು ಕೇಳಿರಲಿಲ್ಲ. ತನ್ನ ಪಾಳಿ ಬಾರಿಸಿ ಮುಗಿಸಿ, ಈಗ ನೀನು ಬಾ ಅನ್ನುತ್ತಿದ್ದ. ಮೂರು ವಾರದಿಂದ ದಿನಾ ಕರೆದಿದ್ದ. ಕರೆದಾಗಲೆಲ್ಲ ಇವನು ಗುಂಡಿ ಒತ್ತಿದ್ದ.

ಲಘು ಬೆರಳನ್ನೇ ನೋಡುತ್ತ ಕೂತ. ಉಂಗುರದ ಬೆರಳ ತುದಿ ಸೊಟ್ಟಗಿತ್ತು.

"ಅತ್ತಿಗೆ, ಈ ಬೆರಳಿಗೇನಾಗಿತ್ತು?"

"ಅದಾ? ಹಳೇದು. ಮೀಟರ್ ಗುಂಡಿ ಮುಚ್ಚಳ ಬಿದ್ದು ಜಜ್ಜಿಹೋಗಿತ್ತಲ್ಲ. ನೀವು ಕ್ಲಬ್ಬಲ್ಲಿ ಬಾರಿಸ್ತಿದ್ದ ಕಾಲ. ಎರಡು ತಿಂಗಳು ಪಟ್ಟಿ ಕಟ್ಕೊಂಡಿದ್ರು."

"ನಂಗೆ ಹೇಳ್ಲೇ ಇಲ್ವಲ್ಲ! ಡ್ಯೂಟಿ ಇದೆ ಅಂದಿದ್ದ."

"ನಾನೂ ಹೇಳಿ ಅಂದೆ. 'ಕೆಲ್ಸ ಮಾಡ್ತಿದ್ದದ್ದು ಅದೊಂದೇ ಬೆರಳು, ಅದೂ ರಜಾ ಹಾಕ್ತು ಅಂತ ಅದಕ್ಕೂ ಒಂದು ಜೋಕು ಮಾಡ್ತಾನೆ, ಬೇಡ. ವಾಸಿಯಾದ್ಮೇಲೆ ಹೋಗ್ತೀನಿ' ಅಂದ್ರು. ವಾಸಿಯಾಗೋ ಹೊತ್ತಿಗೆ ನೀವೇ ನಿಲ್ಲಿಸಿಬಿಟ್ರಿ." ಅತ್ತಿಗೆ ಹೊದಿಕೆ ಸರಿಮಾಡಿದರು. "ನೀನು ಕರೆಯೋಕೆ ಬರ್ತೀಯ ಅಂತ ಬಾಳ ದಿನ ಕಾದ್ರು. ಆಮೇಲೆ ಬಿಟ್ರು."

ಅವತ್ತು ಲಘು ಅಣ್ಣನ ಕೈ ಹಿಡಿದು, "ನಾಳೆ ಬರ್ತೀನಿ ಕಣೋ, ತಗೊಂಡು ಬರ್ತೀನಿ," ಎಂದ. ಅಣ್ಣನಿಗೆ ತಿಳಿಯಿತೋ ಇಲ್ಲವೋ.

ಗಿಟಾರು ಅಟ್ಟದಿಂದ ಇಳಿಯಿತು. ಬೆಳಿಗ್ಗೆ ವಾದ್ಯದ ಅಂಗಡಿಗೆ ಹೋಗಿ ಹೊಸ ತಂತಿ ತಂದು, ಮಧ್ಯಾಹ್ನ ಹಲ್ಲಿನ ಕೋಣೆಯಲ್ಲೇ ಕಟ್ಟಿ, ಬಾಗಿಲು ಹಾಕಿ ಬಾರಿಸಿ ನೋಡಿದ. ಕೇಳಲಾಗಲಿಲ್ಲ. ಬೆರಳು ಮೇಣದಂತಾಗಿದ್ದವು, ಹತ್ತಬೇಕಾದ ಕಡೆ ಜಾರುತ್ತಿದ್ದವು. ಹಲಗೆಯ ಮೇಲಿನ ಸೆಟ್ಟುಗಳೆಲ್ಲ ಹಲ್ಲು ಬಿಟ್ಟವು. ಇಂಥದ್ದನ್ನು ಅಣ್ಣನ ಮುಂದೆ ಬಾರಿಸುವುದೇ? ಅಷ್ಟು ಜನರ ಮುಂದೆ ಅವನನ್ನು ಆಡಿಕೊಂಡವನು ಈಗ ಈ ಬೆರಳಿಟ್ಟುಕೊಂಡು ಹೋಗುವುದೇ? ನಾಲ್ಕು ದಿನ ಕೈ ಕೂರಿಸಿಕೊಂಡು ಹೋದರೆ ಆಯಿತು ಅಂದುಕೊಂಡ. ಸಂಜೆ ಹೋಗುವುದನ್ನೂ ಬಿಟ್ಟು ಅಭ್ಯಾಸಕ್ಕೆ ಕೂತ. "ಸ್ವಲ್ಪ ಕೆಲ್ಸ ಇದೆ," ಎಂದು ಅತ್ತಿಗೆಗೆ ಫೋನು ಮಾಡಿದ. ಅಂದು ಫೋನಿಟ್ಟ ಮೇಲೆ, ಡ್ಯೂಟಿ ಇದೆ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಅವನಿಗೇ ಒಂದು ಸಲ ಅನ್ನಿಸಿತು. ಆದರೂ ಕೂತ.

ಐದನೇ ದಿನ ಗಿಟಾರು ಹೊತ್ತುಕೊಂಡು ಹೋದಾಗ ಅತ್ತಿಗೆ ಬಾಗಿಲಲ್ಲೇ ಸಿಕ್ಕರು.

"ಬೆಳಿಗ್ಗೆಯಿಂದ ಕೈ ಆಡ್ತಿಲ್ಲ ಕಣಪ್ಪ. ಡಾಕ್ಟ್ರು ಬಂದು ನೋಡಿದ್ರು. ಮತ್ತೆ ಹೊಡೆದಿದೆ, ಈಗ ಎತ್ಕೊಂಡು ಹೋಗಿ ಪ್ರಯೋಜನ ಇಲ್ಲ ಅಂದ್ರು." ಸೆರಗಿನಿಂದ ಮೂಗೊರೆಸಿಕೊಂಡರು. "ನಿನ್ನೆ ಸಂಜೆವರೆಗೂ ಬಡೀತಿದ್ರು. ನಿಲ್ಲಿಸೋರು, ಬಾಗಿಲು ನೋಡೋರು."

ಅಣ್ಣ ಮಲಗಿದ್ದ. ಕಣ್ಣು ಮುಚ್ಚಿತ್ತು, ಉಸಿರಿತ್ತು. ಎಡಗೈ ಹೊದಿಕೆಯ ಮೇಲೆ ಯಾರೋ ಇಟ್ಟು ಮರೆತುಹೋದ ವಸ್ತುವಿನಂತೆ ಬಿದ್ದಿತ್ತು.

ಲಘು ಸ್ಟೂಲೆಳೆದು ಕೂತ. ನಾಲ್ಕು ದಿನ ತಿದ್ದಿ ತೀಡಿದ್ದನ್ನು ಬಾರಿಸಿದ. ಒಂದೂ ತಪ್ಪಾಗಲಿಲ್ಲ. ತಪ್ಪಾಗದಿದ್ದದ್ದೇ ಕೇಳಲು ಅಸಹ್ಯವಾಯಿತು. ಕೆಳಗೆ ಹಿಡಿದುಕೊಳ್ಳುವವರಿಲ್ಲದೆ ಒಂದೊಂದು ಸ್ವರವೂ ಚೆಲ್ಲಿಹೋಗುತ್ತಿತ್ತು. ಅರ್ಧಕ್ಕೇ ನಿಲ್ಲಿಸಿದ. ಅಣ್ಣನ ಕೈಯನ್ನೇ ಒಂದಷ್ಟು ಹೊತ್ತು ನೋಡಿ, ತನ್ನ ಕೈಯನ್ನು ದಪ್ಪ ತಂತಿಗೆ ಇಳಿಸಿದ. ತೋರುಬೆರಳನ್ನು ಬೇರು ಬಿಡಿಸಿ ಕೂರಿಸಿದ. ಉಂಗುರದ ಬೆರಳು ಎರಡು ಬಡಿತ ಕೂತಿತು, ಎರಡು ಬಡಿತ ಎದ್ದಿತು.

ಗುರು-ಲಘು, ಗುರು-ಲಘು, ಗುರು-ಲಘು, ಗುರು-ಲಘು.

ಐದನೇ ಸುತ್ತಿಗೆ ಬೆರಳ ಬುಡದಲ್ಲಿ ನೋವು ಶುರುವಾಯಿತು. ಎಂಟಕ್ಕೆ ಅಂಗೈಗೆ ಹಬ್ಬಿತು. ಹತ್ತಕ್ಕೆ ಮೊಣಕೈವರೆಗೂ ಉರಿ. ಇದನ್ನು ಪ್ರತಿ ಶನಿವಾರ ಎರಡು ಗಂಟೆ, ಒಂದು ಸಲವೂ ಮುಖ ಕಿವುಚದೆ, ಅಣ್ಣ ಹೇಗೆ ಬಾರಿಸುತ್ತಿದ್ದನೆಂದು ಈಗ ಕೇಳೋಣವೆಂದರೆ ಕೇಳುವ ಹಾಗಿರಲಿಲ್ಲ. ಒಂದೇ ಬೆರಳು. ಲಘು ಹಲ್ಲು ಕಚ್ಚಿ ಹನ್ನೆರಡು ಮುಗಿಸಿದ. ಅರೆಗಳಿಗೆ ಕೈ ತಡೆದು ಅಣ್ಣನ ಕಡೆ ನೋಡಿದ.

"ಯಾಕಪ್ಪ ನಿಲ್ಲಿಸ್ದೆ?" ಎಂದರು ಅತ್ತಿಗೆ. "ಮುಂದಿಂದು ಬಾರಿಸು."

"ಮುಂದಿಂದು ಇನ್ನೊಬ್ರು ಬಾರಿಸ್ಬೇಕು ಅತ್ತಿಗೆ. ಇದು ಒಬ್ರ ಕೈಲಿ ಆಗೋದಲ್ಲ."

"ಮತ್ತೆ?"

"ಕಾಯ್ಬೇಕು."

ಕಾದ. ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಅಣ್ಣನ ಉಸಿರು ಒಂದು ಉದ್ದಕ್ಕೆ, ಒಂದು ಗಿಡ್ಡಕ್ಕೆ ಬರುತ್ತಿತ್ತು. ಲಘು ಕೈ ಕೊಡವಿಕೊಂಡು, ಸೊಟ್ಟಗಾಗಲು ಹೊರಟಿದ್ದ ಬೆರಳನ್ನು ನೆಟ್ಟಗೆ ಮಾಡಿ, ಮತ್ತೆ ಮೊದಲನೇ ಸುತ್ತಿನಿಂದ ಹಿಡಿದ.